ಬೂದಿಕೋಟೆಯಿಂದ ಬಂದ ರಷ್ಯಾ ಪದಕ

ಕಳೆದ ಭಾನುವಾರ ರಷ್ಯಾದ ಶೌರ್ಯ ಪದಕವೊಂದು ಬೂದಿಕೋಟೆಯಲ್ಲಿ ಸ್ಟೀಲ್ ಡಬ್ಬದೊಳಗೆ ಕೂತು, ಬಂಗಾರಪೇಟೆಯಲ್ಲಿ ಬಸ್ ಬದಲಿಸಿ, ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಗೆ ಬಂತು.

ತಂದವರು ಮುನಿರಾಜಣ್ಣ. ನಮ್ಮಪ್ಪನ ಜೊತೆ ಇಲ್ಲಿನ ಕಾರ್ಖಾನೆಯಲ್ಲಿ ಲೇಥ್ ಮುಂದೆ ನಿಂತು ಸವೆದವರು. ರಿಟೈರ್ ಆದ ಮೇಲೆ ಊರು ಸೇರಿ ಎರಡು ಸೀಮೆಹಸು ಕಟ್ಟಿಕೊಂಡಿದ್ದಾರೆ. ಬೆಳಗ್ಗೆ ಡೈರಿಗೆ ಹಾಲು ಹಾಕಿ ಸೀದಾ ಬಸ್ ಹತ್ತಿದ್ದರು. ಒಳಗೆ ಬಂದವರು ಕಾಫಿ ಬೇಡ ಅಂದರು. (ಮುನಿರಾಜಣ್ಣ ಕಾಫಿ ಬೇಡ ಅಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.)

ನನ್ನ ಹುಚ್ಚು ನಿಮಗೆಲ್ಲ ಗೊತ್ತಿರುವುದೇ. ಸೋವಿಯತ್ ಕಾಲದ ಮಿಲಿಟರಿ ಪದಕ ಕೂಡಿಹಾಕುವುದು. ಚಿನ್ನದ ಗಣಿ ಊರಲ್ಲಿ ಹುಟ್ಟಿ ಚಿನ್ನ ಬಿಟ್ಟು ಯಾವುದೋ ದೇಶದ ಬಿಲ್ಲೆಗಳ ಹಿಂದೆ ಬಿದ್ದಿದ್ದೇನೆ ಎಂಬುದು ನನ್ನ ಹೆಂಡತಿಯ ಕಾಯಂ ದೂರು. ಈ ಹುಚ್ಚಿನಿಂದಾಗಿ ಸುತ್ತಮುತ್ತಲಿನವರಿಗೆ ನಾನೊಂದು ಬಿಟ್ಟಿ ಲ್ಯಾಬು. ಹಳೇ ನಾಣ್ಯ, ಹಳೇ ಗಡಿಯಾರ, ತಾತನ ಕತ್ತಿ, ಎಲ್ಲವೂ ಬರುತ್ತವೆ. ಎಲ್ಲರ ಪ್ರಶ್ನೆಯೂ ಒಂದೇ: ಅಸಲಿ ತಾನೇ? ಅಲ್ಲ ಅಂದರೆ ಮುಖ ಸಪ್ಪಗಾಗುತ್ತದೆ. ಅಂಥವರೊಬ್ಬರು ಇವತ್ತಿಗೂ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನನ್ನನ್ನು ಕಂಡರೆ ಬೇರೆ ಬೋಗಿ ಹತ್ತುತ್ತಾರೆ.

ಮುನಿರಾಜಣ್ಣನ ಕಥೆ ಬೇರೆ. ಸೋವಿಯತ್ ಒಕ್ಕೂಟ ಚೂರಾಗುತ್ತಿದ್ದ ಹೊತ್ತಿನಲ್ಲಿ ಅವರು ಟ್ರೈನಿಂಗಿಗೆಂದು ಮಾಸ್ಕೋಗೆ ಹೋಗಿದ್ದರು. ಕೊರೆಯುವ ಚಳಿ. ರಸ್ತೆ ಬದಿಯಲ್ಲಿ ಒಬ್ಬ ಮುದುಕ ತನ್ನ ಕೋಟಿನ ಎದೆಯಿಂದ ಈ ಪದಕ ಬಿಚ್ಚಿ, ಕೈಯಲ್ಲಿ ಹಿಡಿದು ತೋರಿಸಿದನಂತೆ. ಇವರ ಬ್ಯಾಗಿನಲ್ಲಿದ್ದದ್ದು ಊರಿಂದ ಒಯ್ದ ಅರ್ಧ ಕೆಜಿ ಟೀಪುಡಿ. ಕೊಟ್ಟರು, ಪದಕ ತೆಗೆದುಕೊಂಡರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಮುದುಕ ಕಣ್ಣೊರೆಸಿಕೊಂಡು ಹೋದನಂತೆ. ಅದು ಇವರ ಮನಸ್ಸಿನಿಂದ ಹೋಗಲೇ ಇಲ್ಲ.

ಆಮೇಲೆ ಪ್ರತಿ ಆಯುಧಪೂಜೆಗೂ ಈ ಪದಕವನ್ನು ಹುಣಸೆಹಣ್ಣು, ರಂಗೋಲಿ ಪುಡಿ ಹಾಕಿ ತಿಕ್ಕಿ ತೊಳೆದು, ಸ್ಪ್ಯಾನರ್, ಕುಡುಗೋಲುಗಳ ಪಕ್ಕ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ತಪ್ಪಾಯ್ತು ತಾತ ಅಂತ ಅಡ್ಡಬೀಳುತ್ತಿದ್ದರಂತೆ. ಹೆಂಡತಿಗೂ ಕಾರಣ ಹೇಳಿರಲಿಲ್ಲ.

ಈಗ ಅವರ ಮಗಳ ಮಗ ಸೈನ್ಯ ಸೇರಿದ್ದಾನೆ. ಹೋದ ತಿಂಗಳು ರಜೆಗೆ ಬಂದವನು ಯೂನಿಫಾರಂ ಹಾಕಿ, ಎದೆಗೆ ಪದಕ ಸಿಕ್ಕಿಸಿಕೊಂಡು, ಫೋಟೋಗೆ ತಾತನ ಪಕ್ಕ ನಿಂತ. ಮುನಿರಾಜಣ್ಣನಿಗೆ ಅದರ ಕಡೆ ನೋಡಲಾಗಲಿಲ್ಲ.

“ಟೀಪುಡಿ ಕೊಟ್ಟು ಒಬ್ಬ ಸೈನಿಕನ ಎದೆ ಮೇಲಿಂದ ಕಿತ್ಕೊಂಡ್ ಬಂದಿವ್ನಿ ಕಣಪ್ಪ,” ಅಂದರು. “ಇದರ ಬೆನ್ನಾಗೆ ನಂಬರ್ ಐತೆ. ಅವನ ಮನೆಯೋರು ಯಾರಾನ ಇದ್ರೆ ಉಡುಕ್ಕೊಡು. ನಾನ್ ಸಾಯೋದ್ರೊಳಗೆ ಇದು ವಾಪಸ್ ಓಗ್ಬೇಕು.”

ಡಬ್ಬ ತೆರೆದೆ. ದುಂಡು ಬಿಲ್ಲೆ. ಮೇಲೆ ವಿಮಾನಗಳು, ಕೆಳಗೆ ಟ್ಯಾಂಕು, ನಡುವೆ ಕೆಂಪು ಅಕ್ಷರದಲ್ಲಿ ‘ಧೈರ್ಯಕ್ಕಾಗಿ’ ಎಂದು ರಷ್ಯನ್‌ನಲ್ಲಿ. ಯುದ್ಧಭೂಮಿಯಲ್ಲಿ ಜೀವದ ಹಂಗು ತೊರೆದವರಿಗೆ ಕೊಡುತ್ತಿದ್ದ ಪದಕ. ನನ್ನ ಬಾಯಲ್ಲಿ ನೀರೂರಿತು. ಮರುಕ್ಷಣವೇ ಇನ್ನೊಂದು ಹೊಳೆಯಿತು. ಇದು ಅಸಲಿಯಾದರೆ ಮುನಿರಾಜಣ್ಣ ಹೇಳಿದ್ದೆಲ್ಲ ನಿಜವಾಗುತ್ತದಲ್ಲ?

ಪದಕದ ವಯಸ್ಸು ಹೇಳುವುದು ಹಸುವಿನ ಹಲ್ಲು ನೋಡಿ ವಯಸ್ಸು ಹೇಳಿದ ಹಾಗೆ. ಎಲ್ಲಿ ನೋಡಬೇಕೆಂದು ಗೊತ್ತಿರಬೇಕು ಅಷ್ಟೆ. ಯುದ್ಧದ ಮೊದಲ ವರ್ಷಗಳಲ್ಲಿ ಇದು ಚಿಕ್ಕ ಆಯತದ ಪಟ್ಟಿಯಿಂದ ತೂಗುತ್ತಿತ್ತು. ಐದು ಮೂಲೆಯ ಪಟ್ಟಿ ಬಂದದ್ದು ನಂತರ. ಇದರಲ್ಲಿ ನಂಬರ್ ಮೊದಲಿನ ಕಾಲದ್ದು, ಪಟ್ಟಿ ಆಮೇಲಿನದು. ಅನುಮಾನವೇನೋ ಬಂತು. ಆದರೆ ಸೈನಿಕರು ಪಟ್ಟಿ ಬದಲಿಸಿಕೊಂಡದ್ದೂ ಉಂಟು, ಅದೊಂದನ್ನೇ ನಂಬುವಂತಿಲ್ಲ. ಹಳೇ ಬೆಳ್ಳಿಗೆ ಹಿಡಿಯುವ ಕಪ್ಪನ್ನಾದರೂ ನೋಡೋಣ ಅಂದರೆ ಹುಣಸೆಹಣ್ಣು ಅದನ್ನೆಲ್ಲ ತೊಳೆದುಹಾಕಿತ್ತು. ರೇಗಿತು. ಹಿರಿಯರು ಅನ್ನದೆ ರೇಗಿಯೇಬಿಟ್ಟೆ. ಪದಕವನ್ನು ಯಾರಾದರೂ ಬಿಂದಿಗೆ ಥರ ತಿಕ್ಕುತ್ತಾರಾ?

ವಿಮಾನದ ರೆಕ್ಕೆಯ ಮೇಲೆ, ಟ್ಯಾಂಕಿನ ಅಂಚಿನಲ್ಲಿ ಹಳದಿ ಕಾಣುತ್ತಿತ್ತು. ಇದೇನು ಅಂದೆ.

“ಅರಿಸ್ನ ಕಣಪ್ಪ. ಇಡ್ಕೊಂಬುಟ್ಟೈತೆ. ತಿಕ್ಕಿದ್ರೂ ಓಗಲ್ಲ, ವರ್ಸ ವರ್ಸ ಜಾಸ್ತೀನೇ ಆಯ್ತದೆ.”

ಜಾಸ್ತಿ ಆಗುತ್ತದೆಯೇ? ತಿಕ್ಕಿದಷ್ಟೂ ಹೆಚ್ಚುವ ಅರಿಶಿನ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಲೆನ್ಸ್ ಹಿಡಿದೆ. ಹಳದಿ ಬಿಳಿಯ ಮೇಲೆ ಕೂತಿರಲಿಲ್ಲ, ಬಿಳಿಯ ಕೆಳಗಿತ್ತು. ಹಿತ್ತಾಳೆ. ಮೇಲಿದ್ದದ್ದು ಬರೀ ತೆಳು ಬೆಳ್ಳಿ ಲೇಪ. ಅಸಲಿ ಪದಕ ಬೆಳ್ಳಿಯದ್ದು, ಎಷ್ಟು ಸವೆದರೂ ಒಳಗೆ ಬೆಳ್ಳಿಯೇ. ತಿರುಗಿಸಿ ನೋಡಿದರೆ ನಂಬರೂ ಕೊರೆದದ್ದಲ್ಲ, ಬಿಲ್ಲೆಯ ಜೊತೆಗೇ ಎರಕ ಹೊಯ್ದದ್ದು. ಅಂಕಿಗಳ ಅಂಚು ಬಳಸಿದ ಸೋಪಿನ ಮೇಲಿನ ಅಕ್ಷರದಷ್ಟು ನುಣುಪು. ಹೊರಗಿನವರಿಗೆ ದಾಟಿಸಲೆಂದೇ ಮಾಡಿದ ಮಾಲು. ಇಷ್ಟು ವರ್ಷ ತಪ್ಪಾಯ್ತು ಅನ್ನುತ್ತಾ ತಿಕ್ಕಿದ ಕೈಯೇ ಅದರ ಬಣ್ಣ ಬಯಲು ಮಾಡಿತ್ತು.

ಇದು ನಕಲಿ, ಮುನಿರಾಜಣ್ಣ, ಅಂದೆ.

“ಅಂಗಾರೆ ಇದು ಯಾರ್ ಎದೆ ಮೇಲಿಂದೂ ಅಲ್ವಾ?”

ಯಾರದೂ ಅಲ್ಲ ಅಂದೆ.

“ಮೋಸ ಓಗಿದ್ದು ನಾನಾ?”

ನೀವೇ ಅಂದೆ.

“ಸದ್ಯ,” ಅಂದರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಕಣ್ಣೂ ಒರೆಸಿಕೊಂಡರು, ಆಮೇಲೆ ನಗಲು ಶುರುಮಾಡಿದರು. ಆ ಮುದುಕನ ಮೇಲೆ ಸಿಟ್ಟು ಬರಲಿಲ್ಲವೇ ಅಂದರೆ, ಎಂಥಾ ಚಳಿ ಗೊತ್ತಾ, ಟೀ ಕುಡಿದಿರಲಿ ಬಿಡು ಅಂದರು. ಅಡುಗೆಮನೆ ಕಡೆ ತಿರುಗಿ, ಕಾಫಿ ಕೊಡಮ್ಮ ಅಂತ ತಾವೇ ಕೇಳಿದರು. ನನ್ನ ಎದೆಯ ಮೇಲಿನ ಕಲ್ಲೂ ಇಳಿದಂತಾಯಿತು.

ನಾವು ತರಕಾರಿಯವನ ತಕ್ಕಡಿ ನೋಡುತ್ತೇವೆ, ಐನೂರರ ನೋಟನ್ನು ಬೆಳಕಿಗೆ ಹಿಡಿಯುತ್ತೇವೆ, ಗೊತ್ತಿಲ್ಲದ ನಂಬರಿನ ಫೋನ್ ಎತ್ತುವುದಿಲ್ಲ. ಎಲ್ಲ ನಾವು ಮೋಸ ಹೋಗದಿರಲು. ನಾನೇ ಯಾರಿಗಾದರೂ ಮೋಸ ಮಾಡಿದೆನೇ ಎಂದು ಬಸ್ ಹತ್ತಿ ಕೇಳಿಕೊಂಡು ಬರುವವರು ಎಷ್ಟು ಜನ? ಮೋಸ ಹೋದದ್ದು ತಿಳಿದು ಇಷ್ಟು ಹಗುರಾದ ಮನುಷ್ಯನನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಹೊರಡುವಾಗ ಮುನಿರಾಜಣ್ಣ ನಡುಮನೆಯಲ್ಲಿ ನನ್ನ ಪದಕಗಳಿದ್ದ ಗಾಜಿನ ಬೀರುವಿನ ಮುಂದೆ ನಿಂತರು. ಇವೂ ನಕಲಿಯಾ ಎಂದು ಕೇಳಿದರು. ಒಂದೂ ನಕಲಿಯಿಲ್ಲ, ಎಲ್ಲ ಪರೀಕ್ಷೆ ಮಾಡಿಯೇ ತಂದದ್ದು ಎಂದು ಎದೆಯುಬ್ಬಿಸಿ ಹೇಳಿದೆ. ಅವರು ಒಂದೊಂದೇ ಸಾಲು ನಿಧಾನವಾಗಿ ನೋಡಿ, ನನ್ನ ಕಡೆ ತಿರುಗಿದರು.

“ಅಂಗಾರೆ ನಿಂಗೆ ನಿದ್ದೆ ಎಂಗ್ ಬತ್ತದಪ್ಪ?”