ಲಂಬಕೋನ ಮನೆ ಬದಲಿಸಿದ ವರ್ಷ

ಕೋವಿಡ್ ಮುಗಿದು ಶಾಲೆಗಳು ಪೂರ್ತಿ ತೆರೆದ ವರ್ಷ. ಗಣಿತ ಶಿಕ್ಷಕಿಯಾಗಿ ರಿಟೈರ್ ಆಗಿ ಬಳ್ಳಾರಿಯ ಮನೆಯಲ್ಲಿದ್ದ ನನ್ನನ್ನು ಕುರುಗೋಡಿನ ಒಂದು ಹೈಸ್ಕೂಲಿನವರು ಹತ್ತನೇ ತರಗತಿಯ ಸಂಜೆ ಹೋಂವರ್ಕ್ ಕ್ಲಾಸಿಗೆ ಕರೆದರು. ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಜಾಮೆಟ್ರಿ ಕಲಿತವಳು ನಾನು. ಚೂಪು ಪೆನ್ಸಿಲ್ಲು, ನೀಟಾದ ಆ ಡಯಾಗ್ರಾಮ್‌ಗಳು ಈಗಲೂ ಕಣ್ಣಿಗೆ ಕಟ್ಟುತ್ತವೆ. ಖುಷಿಯಿಂದಲೇ ಬಸ್ ಹತ್ತಿದೆ.

ಅಲ್ಲಿ ರೇಣುಕಾ ಇದ್ದಳು. ತಂದೆ ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಮೋಟಾರು ನೋಡಿಕೊಳ್ಳುವವರು. ಇವಳು ಕುರುಗೋಡಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡುವ ಆಸೆ, ಸೀಟಿಗೆ ಒಳ್ಳೆಯ ಮಾರ್ಕ್ಸ್ ಬೇಕು. ಹೋಂವರ್ಕಿನಲ್ಲಿ ಒಂದೂ ತಪ್ಪಿರುತ್ತಿರಲಿಲ್ಲ.

ಒಂದು ಸಂಜೆ ತ್ರಿಭುಜವನ್ನು ತಿರುಗಿಸಿ, ಲಂಬಕೋನ ಮೇಲೆ, ಎ ಬಿಂದುವಿನಲ್ಲಿ ಬರುವಂತೆ ಬರೆದು, ಕರ್ಣ ಯಾವುದೆಂದು ಕೇಳಿದೆ. ಲಂಬಕೋನದ ಎದುರಿನ ಗೆರೆಯೇ ಕರ್ಣ. ಇಲ್ಲಿ ಅದು ಬಿ-ಸಿ. ರೇಣುಕಾ ಎ-ಸಿ ಎಂದು ಬರೆದಳು. ಬೋರ್ಡಿನ ಮೇಲೆ ಲಂಬಕೋನ ಯಾವಾಗಲೂ ಕೆಳಗೆ, ಬಿಯಲ್ಲೇ ಇರುತ್ತದಂತೆ.

ಪಕ್ಕದ ಹುಡುಗಿ ನಕ್ಕಳು: “ಲೇ ರೇಣುಕಾ, ಮೂಲಿ ಮನಿ ಬದಲ್ ಮಾಡೈತಿ. ನೀ ಇನ್ನಾ ಹಳೇ ಮನಿ ಬಾಗಿಲಾ ಬಡಿಯಾಕತ್ತೀ.”

ನನಗೆ ನಗು ಬರಲಿಲ್ಲ. ಅಷ್ಟೂ ಹೋಂವರ್ಕು ಬಾಯಿಪಾಠವಾಗಿತ್ತು.

ಲಗ್ನಪತ್ರಿಕೆಯ ರಟ್ಟಿನಲ್ಲಿ ತ್ರಿಭುಜ ಕತ್ತರಿಸಿ ಅವಳ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಆಲ್ಜೀಬ್ರಾದಲ್ಲೂ ಪ್ರತಿ ಸ್ಟೆಪ್ಪಿಗೆ “ಯಾಕ್ರಿ?” ಎಂದು ಕೇಳತೊಡಗಿದಳು. ನಾನು ಹಿಗ್ಗಿದೆ. ಆದರೆ ಯೋಚಿಸಿ ಬರೆಯುವವರಿಗೆ ಟೈಮ್ ಬೇಕು. ಪ್ರಿಪರೇಟರಿ ಪರೀಕ್ಷೆಯಲ್ಲಿ ಅರ್ಧ ಪೇಪರ್ ಖಾಲಿ ಬಿಟ್ಟು ಬಂದಳು. ಶಾಲೆಯವರು ಅವಳನ್ನು ‘ಪಾಸಿಂಗ್ ಪ್ಯಾಕೇಜ್’ ಗುಂಪಿಗೆ ಹಾಕಿದರು. ಅಂದರೆ ಖಚಿತವಾಗಿ ಬರುವ ಕೆಲವು ಪ್ರಶ್ನೆಗಳನ್ನಷ್ಟೇ ಉರು ಹೊಡೆಸಿ ದಡ ಮುಟ್ಟಿಸುವುದು. ಪಾಸಾಗಬಹುದು, ಡಿಪ್ಲೊಮಾ ಸೀಟು ಸಿಗದು.

ಸೋದರತ್ತೆ ಶಾಲೆಗೇ ಬಂದರು. ಜೋರು ಮಾಡಲಿಲ್ಲ. “ಮೊದ್ಲ ಎಲ್ಲಾ ಬರ್ತಿತ್ರಿ ಮೇಡಂ. ನೀವು ಬಂದ ಮ್ಯಾಲೆ ಬರೋದೂ ಹೋತು” ಎಂದರು.

ಮತ್ತೆ ಬಾಯಿಪಾಠ ಮಾಡಲೇ ಎಂದು ರೇಣುಕಾ ಕೇಳಿದಾಗ, ಬೇಡ ಎನ್ನಲು ನಾಲಿಗೆ ಏಳಲಿಲ್ಲ. ಹಾಳಾಗುವ ವರ್ಷ ಅವಳದು, ನನ್ನದಲ್ಲ. ಥಿಯರಂ ಬಾಯಿಪಾಠ ಮಾಡು, ಆದರೆ ಎ, ಬಿ, ಸಿ ಅಕ್ಷರ ತುಂಬುವ ಮೊದಲು ಲಂಬಕೋನದ ಮೇಲೆ ಬೆರಳಿಡು, ಎದುರಿನ ಗೆರೆ ನೋಡು, ಆಮೇಲೆ ಬರಿ ಎಂದೆ. ಅದೊಂದು ಕಾಂಪ್ರಮೈಸ್. ಸಿಸ್ಟರ್‌ಗಳು ಒಪ್ಪುತ್ತಿರಲಿಲ್ಲ. ಪ್ಯಾಕೇಜಿನಲ್ಲಿ ಬಿಟ್ಟ ಆಲ್ಜೀಬ್ರಾ ಲೆಕ್ಕಗಳನ್ನು ಸಂಜೆ ಗಡಿಯಾರ ಮುಂದಿಟ್ಟುಕೊಂಡು ಮಾಡಿಸಿದೆ.

ಅವಳಿಗೆ ಬಂದದ್ದು ಸಾಧಾರಣ ಮಾರ್ಕ್ಸ್. ನಕ್ಕಿದ್ದ ಹುಡುಗಿಗೆ ಇವಳಿಗಿಂತ ಜಾಸ್ತಿ. ಸೀಟು ಕೊನೆಯ ಸುತ್ತಿನಲ್ಲಿ ಸಿಕ್ಕಿತು. ಅಲ್ಲಿಯವರೆಗೆ ಸೋದರತ್ತೆಯ ಮನೆಗೆ ಫೋನ್ ಮಾಡುವ ಧೈರ್ಯ ನನಗಾಗಲಿಲ್ಲ.

ಅರ್ಥ ಮಾಡಿಕೊಂಡು ಕಲಿಯುವುದಕ್ಕೆ ಬೆಲೆ ತೆರಬೇಕಾಗುತ್ತದೆ, ಅದನ್ನು ತೆರುವುದು ಮಗು. ಕಲಿಸುವವರು ಅದನ್ನು ಮೊದಲೇ ಹೇಳಬೇಕು. ಇದು ನನಗೆ ರಿಟೈರ್ ಆದ ಮೇಲೆ ತಿಳಿಯಿತು.

ಡಿಪ್ಲೊಮಾ ಸೇರಿದ ಮೊದಲ ತಿಂಗಳು ಅವಳೇ ಫೋನ್ ಮಾಡಿದಳು.

“ಮೇಡಂ, ಇಲ್ಲಿ ಡ್ರಾಯಿಂಗ್‌ನಾಗ ಎ, ಬಿ, ಸಿ ಏನೂ ಬರೆದಿರಂಗಿಲ್ರಿ.”

“ಮತ್ತ ಏನ್ ಮಾಡಿದಿ?”

“ಬೆರಳಿಟ್ಟು ನೋಡಿದ್ನಿರಿ.”