ಚಂದ್ರಮುಕುಟದ ಮರಿ ಮತ್ತು ನಮ್ಮ ಮನೆಯ ಶಾಂತಿ

ಮನುಷ್ಯನಾದವನಿಗೆ ದಿನಕ್ಕೊಮ್ಮೆಯಾದರೂ ಪ್ರಕೃತಿಯ ಮಡಿಲಲ್ಲಿ ಏಕಾಂತ ಬೇಕು ಎಂಬುದನ್ನು ಋಷಿಮುನಿಗಳಿಂದ ಹಿಡಿದು ಸಕ್ಕರೆ ಕಾಯಿಲೆಯ ಡಾಕ್ಟರರವರೆಗೆ ಎಲ್ಲರೂ ಒಪ್ಪಿದ್ದಾರೆ. ಅವರಲ್ಲಿ ಯಾರೂ ರಾಣೆಬೆನ್ನೂರಿನವರಲ್ಲ.

ನಮ್ಮೂರಂಚಿನ ವೃಕ್ಷವನದಲ್ಲಿ, ಮಕ್ಕಳ ಜಾರುಬಂಡೆ ದಾಟಿದ ಮೇಲೆ, ಒಂದು ಹಳೆಯ ಬೇವಿನ ಮರವಿದೆ. ಅದರ ಪೊಟರೆಯಲ್ಲಿ ಚಂದ್ರಮುಕುಟ ಹಕ್ಕಿಯೊಂದು ಸಂಸಾರ ಹೂಡಿತ್ತು. ತಲೆಯ ಮೇಲೆ ಬೀಸಣಿಗೆಯಂಥ ತುರಾಯಿ, ಕೊಕ್ಕಿನಲ್ಲಿ ಹುಳು, ಒಳಗೆ ಹಸಿದ ಮರಿ. ಆ ಮರಿ ಈಗ ಬಾಗಿಲಿಗೆ ಬಂದು ಇಣುಕತೊಡಗಿತ್ತು. ಇವತ್ತೋ ನಾಳೆಯೋ ಹಾರಬೇಕು. ಆಯುಷ್ಯವಿಡೀ ಹಾವೇರಿ ಕೋರ್ಟಿನಲ್ಲಿ ಮುಂದೂಡಿದ ತಾರೀಖುಗಳನ್ನೇ ಕಂಡ ವಕೀಲ ನಾನು. ಒಂದು ಪ್ರಕರಣವಾದರೂ ಕಣ್ಣೆದುರು ಮುಗಿಯುವುದನ್ನು ನೋಡಬೇಕೆಂಬ ಆಸೆಯಿಂದ, ಬೆಳಗ್ಗೆ ಎದುರಿನ ಕಲ್ಲುಬೆಂಚಿನ ಮೇಲೆ ಒಬ್ಬನೇ ಹೋಗಿ ಕುಳಿತೆ.

ತಪ್ಪಿದ್ದು ಇಲ್ಲೇ. ನಮ್ಮ ಭಾಗದಲ್ಲಿ ಒಬ್ಬನೇ ಕುಳಿತವನೆಂದರೆ ಒಂದೋ ಮನೆಯಲ್ಲಿ ಜಗಳಾಡಿ ಬಂದವನು, ಇಲ್ಲವೇ ಜಗಳಾಡಲು ಮನೆಯಲ್ಲಿ ಯಾರೂ ಇಲ್ಲದವನು. ಮೂರನೆಯ ಜಾತಿಯ ಮನುಷ್ಯನನ್ನು ಇಲ್ಲಿ ಯಾರೂ ಕಂಡಿಲ್ಲ. ಪುರಾಣಗಳಲ್ಲಿ ತಪಸ್ಸು ಕೆಡಿಸಲು ಇಂದ್ರನು ಅಪ್ಸರೆಯರನ್ನು ಕಳಿಸುತ್ತಿದ್ದ. ನಮ್ಮ ಕಡೆ ಅವನಿಗೆ ಆ ಖರ್ಚಿಲ್ಲ; ಪರಿಚಯದವರೊಬ್ಬರು ಸಾಕು.

ಬಂದವನು ಬಸಣ್ಣ. ಮನೆ ನಮ್ಮೂರಲ್ಲಿ, ಮೆಣಸಿನಕಾಯಿ ದಲಾಲಿ ಅಂಗಡಿ ಬ್ಯಾಡಗಿಯಲ್ಲಿ. ಮಾರ್ಕೆಟ್ಟಿನ ಗದ್ದಲದಲ್ಲಿ ಪಳಗಿದ ಕಂಠ.

“ವಕೀಲರ, ಯಾಕ ಒಬ್ಬರ ಕುಂತೀರಿ? ಮನ್ಯಾಗ ಎಲ್ಲಾ ಅರಾಮ ಅದಾರಿಲ್ಲೋ?”

“ಹಕ್ಕಿ ನೋಡಾಕತ್ತೇನಿ, ಬಸಣ್ಣ. ಮೆತ್ತಗ ಮಾತಾಡು.”

ಅವನು ಹಕ್ಕಿಯನ್ನು ನೋಡಲಿಲ್ಲ. ನನ್ನ ಮುಖವನ್ನು ನೋಡಿದ. ನಾನು ಅದೇ ಹೊತ್ತಿಗೆ ಕನ್ನಡಕ ತೆಗೆದು ಒರೆಸಬಾರದಿತ್ತು.

“ಹೇಳಾಕ ಆಗದಿದ್ರ ಬ್ಯಾಡ್ರಿ. ನಮ್ಮ ಮನ್ಯಾಗೂ ಇದ ಹಾಡು,” ಎಂದು ಪಕ್ಕದಲ್ಲಿ ಕುಳಿತು, ಆ ಹಾಡನ್ನು ಪಲ್ಲವಿಯಿಂದ ಶುರುಮಾಡಿದ. ಮರಿ ಒಳಗೆ ಹೋಯಿತು.

ಸಂಜೆ ಕೋರ್ಟಿನಿಂದ ಮನೆಗೆ ಬಂದರೆ ಹೆಂಡತಿ ಗಿರಿಜಾ ಬಾಗಿಲಲ್ಲೇ ನಿಂತಿದ್ದಳು.

“ಪಾರ್ಕಿನ್ಯಾಗ ಕಣ್ಣೀರು ಒರಿಸಿಕೋತ ಕುಂತಿದ್ರಂತ? ನಾ ನಿಮಗ ಏನ ಕಡಿಮಿ ಮಾಡೇನ್ರಿ? ಓಣಿ ಮಂದಿ ಮುಂದ ಹೆಂಗ ತಲಿ ಎತ್ಲಿ?”

ಹಕ್ಕಿಯ ವಿಷಯ ವಿವರಿಸಿದೆ. ಸುಳ್ಳು ಹೇಳುವ ಕಕ್ಷಿದಾರನನ್ನು ನಾನು ನೋಡುವ ಹಾಗೆ ಅವಳು ನನ್ನನ್ನು ನೋಡಿದಳು. ತೀರ್ಪೂ ಅವಳದೇ: “ನಾಳೆ ನಾನೂ ಬರ್ತೇನಿ. ಜೋಡಿಲೇ ಕುಂದ್ರೂಣು. ಎಲ್ಲಾರೂ ನೋಡ್ಲಿ.”

ಮರುದಿನ ಇಳಕಲ್ಲ ಸೀರೆಯುಟ್ಟು, ಡಬ್ಬಿಯಲ್ಲಿ ಒಗ್ಗರಣೆ ಚುರುಮುರಿ ತುಂಬಿಕೊಂಡು ಬಂದಳು. ಮರಿ ಆಗಲೇ ಅರ್ಧ ಮೈ ಹೊರಗೆ ಹಾಕಿತ್ತು. ತಾಯಿ ಹುಳು ಕಚ್ಚಿಕೊಂಡು ಎದುರಿನ ಕೊಂಬೆಯಿಂದ ಕರೆಯುತ್ತಿತ್ತು. ನಾನು ಉಸಿರು ಬಿಗಿಹಿಡಿದೆ. ಆಗ ಬಸಣ್ಣ, ರಾಜಿ ಮಾಡಿಸಲೆಂದು ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ.

“ಆಹಾ! ರಾಜಿ ಆತಲ್ರಿ!”

“ಜಗಳಾನ ಆಗಿಲ್ಲೋ ಮಾರಾಯ!”

“ಆಗೇತಿ ಅಂತ ಯಾರಂದ್ರು? ಒಂದ ಫೋಟೋ ಕೊಡ್ರಿ, ವಾಕಿಂಗ್ ಗ್ರೂಪಿಗೆ ಹಾಕತೇನಿ. ಪಾಪ, ಎಲ್ಲಾರೂ ಚಿಂತಿ ಮಾಡಾಕತ್ತಾರ. ಬೆಳಕು ಈ ಕಡೆ ಐತಿ, ಗಿಡಕ್ಕ ಬೆನ್ನು ಮಾಡ್ರಿ.”

“ಎರಡ ನಿಮಿಷ ತಡಿ, ಮರಿ ಹಾರ್ತೈತಿ—”

“ತಿರುಗ್ರಿ ಸುಮ್ನ,” ಎಂದಳು ಗಿರಿಜಾ. ದನಿ ಸಣ್ಣದು, ಆದರೆ ಅದಕ್ಕೆ ಮೇಲ್ಮನವಿ ಇರಲಿಲ್ಲ. ಒಂದು ಕಡೆ ಸೃಷ್ಟಿಯ ಕೌತುಕ, ಇನ್ನೊಂದು ಕಡೆ ಮಧ್ಯಾಹ್ನದ ಊಟ. ತಿರುಗಿದೆ. ನಕ್ಕೆ ಕೂಡ.

“ಥೋ! ಯಾವುದೋ ಹಕ್ಕಿ ನಿಮ್ಮ ಹಿಂದಿಂದ ಹಾರಿ ಅಡ್ಡ ಬಂತು ನೋಡ್ರಿ,” ಎಂದ ಬಸಣ್ಣ. “ಅಳಿಸಿಬಿಟ್ಟೆ. ಇನ್ನೊಂದು ತಗೀತೇನಿ, ನಗ್ರಿ.”

ಹಿಂದೆ ನೋಡಿದೆ. ಪೊಟರೆ ಖಾಲಿಯಿತ್ತು.

ಎರಡನೆಯ ಫೋಟೋ ಸ್ಪಷ್ಟವಾಗಿ ಬಂದಿದೆ.