ನಾಳೆಯೂ ಬಂದುಹೋದ ದೋಣಿ

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಸರ್ಕಾರಿ ದೋಣಿ ಏಳು ಜನರನ್ನು ಹಿನ್ನೀರು ದಾಟಿಸಿ ಆಗಿದೆ.

ನಂಬುವುದಿಲ್ಲವೇ? ನಾನೂ ನಂಬಿರಲಿಲ್ಲ. ಆದರೆ ಕಚೇರಿಯ ಪುಸ್ತಕದಲ್ಲಿ ಹಾಗೇ ಬರೆದಿತ್ತು. ಪಕ್ಕದಲ್ಲಿ ಸಹಿಯೂ ಇತ್ತು. ಯಾರ ಸಹಿ ಎಂಬುದನ್ನು ಹೇಳುತ್ತೇನೆ, ಸ್ವಲ್ಪ ಧೈರ್ಯ ಬರಲಿ.

ಈ ಅಂಕಣವನ್ನು ವಾರವಾರ ಓದುವ ನಿಮಗೆ ನನ್ನ ಹೊಲಿಗೆ ಅಂಗಡಿ ಗೊತ್ತು. ಜೋಯಿಡಾ ಕಡೆಯ ಹಿನ್ನೀರಿನ ದಂಡೆಯಲ್ಲಿ, ಬಸ್ ತಿರುಗಿಸುವ ಜಾಗದ ಎದುರಿಗಿದೆ. ಅಂಗಡಿಯ ಬಾಗಿಲಲ್ಲಿ ನಿಂತರೆ ನೀರಿನ ನಡುವೆ ಒಂದು ಗುಡ್ಡ ಕಾಣುತ್ತದೆ. ನಾವು ಅದಕ್ಕೆ ನಡುಗಡ್ಡಿ ಅನ್ನುತ್ತೇವೆ. ನಾನು ಹುಟ್ಟಿದ್ದು ಅಲ್ಲಿ. ಅಣೆಕಟ್ಟಿನ ಕೆಲಸಕ್ಕೆಂದು ಧಾರವಾಡ ಕಡೆಯಿಂದ ಬಂದ ಅಪ್ಪ ಆ ಗುಡ್ಡದ ಮೇಲೆ ಮನೆ ಕಟ್ಟಿದ. ತಾನೇ ಕಲ್ಲು ಹೊತ್ತು ನಿಲ್ಲಿಸಿದ ನೀರು ಒಂದು ದಿನ ಅವನ ಮನೆಯನ್ನೇ ಸುತ್ತುವರಿಯಿತು. ಪರಿಹಾರದ ಪಟ್ಟಿ ನೋಡಿದರೆ ಗುಡ್ಡವೇ ಇಲ್ಲ. ಮುಳುಗದ್ದಕ್ಕೆ ಪರಿಹಾರ ಯಾಕೆ ಅಂದರಂತೆ!

ಈಗ ಅಲ್ಲಿ ನಾಲ್ಕು ಮನೆ ಉಳಿದಿವೆ, ಒಂಬತ್ತು ಜನ. ಶಾಲೆಗೆ ಬೀಗ. ಸೋಲಾರ್ ಕಂಬದಲ್ಲಿ ಬ್ಯಾಟರಿ ಇಲ್ಲ. ಕುಡಿಯುವ ನೀರಿನ ಟ್ಯಾಂಕ್ ಕಟ್ಟಿದ್ದಾರೆ, ಒಳಗೆ ಹಲ್ಲಿಗಳಿವೆ. (ಸುತ್ತ ನಾಲ್ಕೂ ಕಡೆ ನೀರು, ಟ್ಯಾಂಕ್ ಮಾತ್ರ ಒಣ. ಇದನ್ನು ಸಾಧಿಸಲು ಇಂಜಿನಿಯರಿಂಗ್ ಓದಬೇಕು.) ಸೌಕರ್ಯ ಕೊಡಿ ಅಂದರೆ ಜನ ಕಡಿಮೆ ಅನ್ನುತ್ತಾರೆ. ಜನ ಯಾಕೆ ಕಡಿಮೆ? ಸೌಕರ್ಯ ಇಲ್ಲದ್ದಕ್ಕೆ. ಹುಚ್ಚು ಬಿಡದೆ ಮದುವೆ ಇಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ.

ನನ್ನ ಅಣ್ಣ ನಿಂಗಣ್ಣ ಇನ್ನೂ ಅಲ್ಲೇ ಇದ್ದಾನೆ. ಗುಡ್ಡದಲ್ಲಿ ಫೋನ್ ಸಿಗುವುದಿಲ್ಲ. ಅದಕ್ಕೆ ಅಪ್ಪನ ಕಾಲದಿಂದ ಒಂದು ರೂಢಿ. ಗುಡ್ಡದ ಅಂಚಿಗೆ ನೆಟ್ಟ ಬಿದಿರಿಗೆ ಬಿಳಿ ಬಟ್ಟೆ ಕಟ್ಟಿದರೆ ದೋಣಿ ಬೇಕು ಎಂದರ್ಥ. ಕೆಂಪು ಬಟ್ಟೆ ಕಟ್ಟಿದರೆ ಯಾರಿಗೋ ಆಪತ್ತು, ಈಗಲೇ ಬೇಕು. ಆ ಕೆಂಪು ಬಟ್ಟೆ ಹೊಲಿದುಕೊಟ್ಟವಳು ನಾನೇ. ಬ್ಲೌಸಿನ ಲೈನಿಂಗ್ ಉಳಿದಿತ್ತು, ಅಂಚು ಮಡಚಿ ಗಟ್ಟಿ ಹೊಲಿಗೆ ಹಾಕಿ ಕೊಟ್ಟಿದ್ದೆ. ಇಷ್ಟು ವರ್ಷದಲ್ಲಿ ಅದು ಬಿದಿರು ಏರಿದ್ದು ಮೂರೋ ನಾಲ್ಕೋ ಸಲ.

ಈ ತಿಂಗಳ ಮಧ್ಯದಲ್ಲಿ ಒಂದು ಬೆಳಿಗ್ಗೆ ಅಂಗಡಿ ತೆರೆದು ನೋಡುತ್ತೇನೆ, ಬಿದಿರಿನ ತುದಿಯಲ್ಲಿ ಕೆಂಪು.

ಮಳೆಗೆ ಮೊದಲು ಹಂಚು ಸರಿ ಮಾಡಲು ಮಾಡು ಹತ್ತಿದ ಅಣ್ಣ ಕೆಳಗೆ ಬಿದ್ದಿದ್ದ. ಕಾಲು ಮುರಿದಿತ್ತು. ಅದು ನನಗೆ ಗೊತ್ತಾದದ್ದು ಆಮೇಲೆ. ಆಗ ಗೊತ್ತಿದ್ದದ್ದು ಕೆಂಪು ಬಟ್ಟೆ ಮಾತ್ರ. ದೋಣಿಯ ಡ್ರೈವರಿಗೆ ಫೋನ್ ಹಚ್ಚಿದೆ.

“ಅಕ್ಕಾರ, ನಾ ಹಳಿಯಾಳದಾಗ ಅದೀನ್ರಿ. ಸಾಹೇಬ್ರ ಜೀಪ ಹೊಡ್ಯಾಕ ಹಾಕ್ಯಾರ ನನ್ನ.”

“ಮತ್ತ ದೋಣಿ?”

“ತಾಡಪತ್ರಿ ಕೆಳಗ ಐತ್ರಿ. ಡೀಸೆಲ್ ಇಲ್ಲ ನೋಡ್ರಿ ಅದರಾಗ.”

ಮೊದಲು ನಮಗೊಂದು ಮರದ ದೋಣಿ ಇತ್ತು. ಗುಡ್ಡದ ಜುಜೆ ಮಾಮಾ, ಸಿದ್ದಿಯವರ ಹಿರಿಯ, ಅದನ್ನು ನಡೆಸುತ್ತಿದ್ದ. ಸರ್ಕಾರ ಫೈಬರ್ ದೋಣಿ ಕೊಟ್ಟ ದಿನ ರಿಬ್ಬನ್ ಕತ್ತರಿಸಿದರು. (ಕತ್ತರಿ ನನ್ನ ಅಂಗಡಿಯದು, ವಾಪಸ್ ಬರಲಿಲ್ಲ.) ಮರದ ದೋಣಿ ಅಪಾಯಕಾರಿ ಎಂದು ಒಡೆಸಿ ಹಾಕಿದರು. ಅಪಾಯ ಹೋಯಿತು, ದೋಣಿಯೂ ಹೋಯಿತು. ಅತ್ತ ದಾಂಡೇಲಿಯಲ್ಲಿ ಪ್ರವಾಸಿಗರು ಕೇಕೆ ಹಾಕುತ್ತ ತೇಲಲು ರಬ್ಬರ್ ದೋಣಿ ಸಾಲುಗಟ್ಟಿ ನಿಂತಿವೆ, ತಲೆಗೆ ಹೆಲ್ಮೆಟ್ ಬೇರೆ!

ಬಸ್ ಹತ್ತಿ ಕಚೇರಿಗೆ ಹೋದೆ. ಯಾವ ಇಲಾಖೆ ಎಂದು ಬರೆಯುವುದಿಲ್ಲ. ಬರೆದರೆ ಅದು ತಮ್ಮದಲ್ಲ, ಪಕ್ಕದವರದು ಎಂದು ಉತ್ತರ ಬರುತ್ತದೆ.

“ದೋಣಿ ಬಂದಿಲ್ರೀ ಸಾಹೇಬ್ರ. ನಡುಗಡ್ಡ್ಯಾಗ ಕೆಂಪ ಬಟ್ಟಿ ಕಟ್ಯಾರ. ಯಾರಿಗೋ ಏನೋ ಆಗೇತಿ.”

ಗುಮಾಸ್ತರಿಗೆ ಬಟ್ಟೆಯ ಬಣ್ಣ ಕೇಳಲು ಪುರುಸೊತ್ತಿರಲಿಲ್ಲ. ಉದ್ದನೆಯ ಪುಸ್ತಕ ತೆಗೆದರು. “ಯಾರಂದ್ರು ಬಂದಿಲ್ಲಂತ? ಇವತ್ತ ಒಂಬತ್ತಕ್ಕ ಹೋಗೇತಿ. ಏಳ ಮಂದಿ ಹೋಗ್ಯಾರ, ಐದ ಮಂದಿ ಬಂದಾರ.”

“ಅಲ್ಲಿ ಇರೂದ ಒಂಬತ್ತ ಮಂದಿರೀ.”

“ಸಹಿ ಐತಲ್ಲ ಇಲ್ಲಿ, ಬಳಕೆದಾರರ ಪ್ರತಿನಿಧಿದು. ಯಾರದಿದು?”

ದುಂಡಗಿನ ಅಕ್ಷರ. ಕೊನೆಯಲ್ಲಿ ಒಂದು ಚಿಕ್ಕ ಬಳ್ಳಿ ಎಳೆದ ಸಹಿ.

“ನನ್ನದರೀ,” ಅಂದೆ.

ಹೌದು, ನನ್ನದೇ. ಈಗ ಹೇಳಿಬಿಡುತ್ತೇನೆ. ಎರಡು ವರ್ಷದಿಂದ ಪ್ರತಿ ತಿಂಗಳು ಮುಗಿಯುವ ಮೊದಲೇ ಡ್ರೈವರ್ ಮುಂದಿನ ತಿಂಗಳ ಪುಸ್ತಕ ತರುತ್ತಿದ್ದ. ಮೂವತ್ತು ಸಾಲಿಗೆ ಒಟ್ಟಿಗೆ ಸಹಿ ಹಾಕಿಸುತ್ತಿದ್ದ. ಆಮೇಲೆ ತಾನು ಕುಳಿತು ಸಮಯ, ಜನ ಎಲ್ಲ ತುಂಬಿ ಕಚೇರಿಗೆ ಕೊಡುತ್ತಿದ್ದ. “ಸಹಿ ಇಲ್ಲಂದ್ರ ದೋಣಿ ವಾಪಸ್ ಒಯ್ತಾರ್ರೀ ಅಕ್ಕಾರ” ಅನ್ನುತ್ತಿದ್ದ. ತಾಡಪತ್ರಿ ಕೆಳಗಾದರೂ ಒಂದು ದೋಣಿ ಇರಲಿ ಎಂದು ನಾನು ಹಾಕುತ್ತಿದ್ದೆ.

ಇದು ಅರ್ಧ ಸತ್ಯ. ಉಳಿದರ್ಧ ಹೇಳಲು ನಾಚಿಕೆಯಾಗುತ್ತದೆ. ಗುಡ್ಡದವರೆಲ್ಲ ಹೆಬ್ಬೆಟ್ಟು. ಸಹಿ ಬರುವುದು ನನಗೊಬ್ಬಳಿಗೆ. ಅಣ್ಣ ಮೂರನೇ ಇಯತ್ತೆಗೆ ಶಾಲೆ ಬಿಟ್ಟು ದನ ಕಾದ, ನಾನು ಏಳರ ತನಕ ಓದಲಿ ಎಂದು. ಪುಸ್ತಕ ನನ್ನ ಮುಂದೆ ಬಂದಾಗ, “ನಿಮ್ಮ ಸಹಿ ಭಾರಿ ಚಂದ ಬಿಡ್ರಿ” ಅಂದಾಗ, ನಾನು ಕುರ್ಚಿ ಸರಿ ಮಾಡಿಕೊಂಡು ಕೂರುತ್ತಿದ್ದೆ. ಮೂವತ್ತು ಬಳ್ಳಿ ಎಳೆಯುತ್ತಿದ್ದೆ. ಅಣ್ಣ ದನ ಕಾದು ಕೊಟ್ಟ ಅಕ್ಷರ ಅದು. ಯಾತಕ್ಕೆ ಬಳಸಿದೆ ನೋಡಿ.

ಪುಸ್ತಕದ ಮುಂದಿನ ಸಾಲಿನ ಮೇಲೆ ಕಣ್ಣು ಬಿತ್ತು. “ಸಾಹೇಬ್ರ, ನಾಳೇನೂ ಏಳ ಮಂದಿ ಹೋಗ್ಯಾರಲ್ರೀ?”

ಗುಮಾಸ್ತರು ಪುಸ್ತಕ ಮುಚ್ಚಿದರು. “ಅದು ಅಡ್ವಾನ್ಸ್. ನೀವ ಸಹಿ ಮಾಡೀರಿ, ನೀವ ಬಂದ ಜಗಳಾ ತಗೀತೀರಿ. ತಕರಾರು ಯಾರ ಮ್ಯಾಲ ಬರಕೊಳ್ಳಲಿ? ನಿಮ್ಮ ಮ್ಯಾಲೇನು?”

ಯಾರ ಮೇಲೆ ಬರೆಸಬೇಕಿತ್ತು? ನೀವೇ ಹೇಳಿ.

ಮಧ್ಯಾಹ್ನದ ಬಸ್ಸಿಗೆ ಬಂದಿಳಿದಾಗ ಅಣ್ಣ ದಂಡೆಯ ಹುಣಸೆಮರದ ಕೆಳಗೆ ಮಲಗಿದ್ದ. ಮೈಯೆಲ್ಲ ಒದ್ದೆ, ತುಟಿ ನೀಲಿ. ಕಾದು ಸಾಕಾಗಿ ಜುಜೆ ಮಾಮಾ ಎರಡು ಲಾರಿ ಟ್ಯೂಬಿಗೆ ಬಿದಿರು ಕಟ್ಟಿ, ಮೇಲೆ ಇವನನ್ನು ಮಲಗಿಸಿ, ತಾನು ಈಜುತ್ತ ತಳ್ಳಿಕೊಂಡು ಬಂದಿದ್ದ. ಆ ವಯಸ್ಸಿನಲ್ಲಿ. ನನ್ನನ್ನು ನೋಡಿ ಮಾಮಾ ಏದುಸಿರಿನಲ್ಲೇ ಅಂದ, “ಬಾ ತಂಗಿ, ಟಿಕೆಟ್ ತಗಿ. ಸರ್ಕಾರಿ ಲಾಂಚ್ ಬಂತ.”

ಅಣ್ಣ ಕೇಳಿದ, “ಎಲ್ಲಿ ಹೋಗಿದ್ದಿಯವ್ವಾ?”

“ದೋಣಿ ಕೇಳಾಕ.”

ಅಷ್ಟೇ ಹೇಳಿದೆ. ಕಚೇರಿಯಲ್ಲಿ ಕಂಡದ್ದನ್ನು ನುಂಗಿಕೊಂಡೆ.

ಧಾರವಾಡಕ್ಕೆ ಒಯ್ದೆವು. ಬೆಳಿಗ್ಗೆಯೇ ತಂದಿದ್ದರೆ, ದಾರಿಯಲ್ಲಿ ಕಾಲು ಅಲುಗದಂತೆ ತಂದಿದ್ದರೆ ಎಲುಬು ನೆಟ್ಟಗೆ ಕೂರುತ್ತಿತ್ತು ಎಂದು ಡಾಕ್ಟರು ಬೈದರು. ಇನ್ನು ನಡೆಯುತ್ತಾನೆ, ಆದರೆ ಕುಂಟುತ್ತಾನೆ. ಆ ಕುಂಟಿನಲ್ಲಿ ನನ್ನ ಪಾಲೆಷ್ಟು, ಇಲಾಖೆಯ ಪಾಲೆಷ್ಟು? ಇಲಾಖೆಯ ಪಾಲು ಹೇಳಲು ನನಗೆ ಕಷ್ಟವಿಲ್ಲ, ಹೊಟ್ಟೆ ಉರಿಯುವಷ್ಟು ಹೇಳಬಲ್ಲೆ. ಡ್ರೈವರನ್ನು ಜೀಪಿಗೆ ಹಾಕಿದವರು, ಮರದ ದೋಣಿ ಒಡೆದವರು, ಬರೆದದ್ದನ್ನು ಒಮ್ಮೆಯೂ ದಂಡೆಗೆ ಬಂದು ನೋಡದವರು. ಆದರೆ ಅವರೆಲ್ಲರ ಸುಳ್ಳು ನಿಂತದ್ದು ನನ್ನ ಬಳ್ಳಿಯ ಮೇಲೆ.

ಅಣ್ಣ ಈಗ ನನ್ನ ಅಂಗಡಿಯಲ್ಲೇ ಇದ್ದಾನೆ, ಮಷೀನಿನ ಹಿಂದೆ ಹಾಕಿದ ಮಂಚದ ಮೇಲೆ. ಇವತ್ತು ಡ್ರೈವರ್ ಬಂದ. ಕಂಕುಳಲ್ಲಿ ಮುಂದಿನ ತಿಂಗಳ ಪುಸ್ತಕ. ಪ್ಲಾಸ್ಟರ್ ಕಾಲು ನೋಡಿ ಲೊಚಗುಟ್ಟಿದ, ಆಮೇಲೆ ಪೆನ್ನು ತೆಗೆದ.

ನಾನು ಪೆನ್ನು ಹಿಡಿಯದೆ ಕೂತಿದ್ದೆ. ಮಂಚದಿಂದ ಅಣ್ಣನೇ ಅಂದ, “ಹಾಕವ್ವಾ. ಇಲ್ಲಂದ್ರ ದೋಣಿ ಒಯ್ತಾರಂತಲ್ಲ.”

ಇನ್ನು ನನ್ನಿಂದ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಮೂವತ್ತು ಸಾಲು, ಒಂಬತ್ತು ಗಂಟೆ, ಏಳು ಮಂದಿ, ಕುರ್ಚಿ ಸರಿ ಮಾಡಿಕೊಂಡು ಕೂತದ್ದನ್ನೂ ಹೇಳಿದೆ. ಡ್ರೈವರ್ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡ. ಪುಸ್ತಕವನ್ನು ಸಹಿ ಇಲ್ಲದೆ ವಾಪಸ್ ಕೊಟ್ಟೆ. “ಮತ್ತ ದೋಣಿ ಹೋದ್ರ ನನಗ ಅನಬ್ಯಾಡ್ರಿ” ಎಂದು ಅವನು ಬಸ್ಸಿನ ಕಡೆ ನಡೆದ.

ಅಣ್ಣ ಮಂಚದಲ್ಲೇ ಹೊರಳಿ ಗುಡ್ಡದ ಕಡೆ ನೋಡಿದ. ಅರ್ಧ ಹಂಚು ತೆಗೆದ ಅವನ ಮಾಡು ಇಲ್ಲಿಂದಲೂ ಕಾಣುತ್ತದೆ. ಮೋಡ ಕಟ್ಟುತ್ತಿದೆ.

“ಈ ತಿಂಗಳದು ಪುಸ್ತಕ ಇನ್ನೂ ಕಚೇರ್ಯಾಗ ಐತೇನ?”

“ಐತಿ.”

“ನಾಳಿದೂ ಬರದೈತಿ?”

“ಬರದೈತಿ ಅಣ್ಣಾ. ಏಳ ಮಂದಿ.”

“ಹಂಗಾರ ಆ ಏಳ ಮಂದ್ಯಾಗ ನನ್ನೂ ಕುಂಡ್ರಿಸಿ ಕಳಸ. ಮನಿಗೆ ಹೋಗಬೇಕ ನಾ.”

ನಾನು ನಕ್ಕೆ. ಅವನು ನಗಲಿಲ್ಲ.

ಕಚೇರಿಯ ಸಾಹೇಬರೇ, ಪುಸ್ತಕ ನಿಮ್ಮ ಟೇಬಲ್ ಮೇಲಿದೆ. ಒಮ್ಮೆ ತೆರೆದು ನೋಡಿ ಹೇಳಿ, ನಾಳೆ ನನ್ನ ಅಣ್ಣ ಮನೆ ಮುಟ್ಟಿದನೇ?